ನಾನೂರು ಕೈ ಮುಟ್ಟಿದ ಮೇಲೆ: ಮುಧೋಳ ನಾಯಿಯನ್ನು ಶೋ ರಿಂಗ್‌ನಲ್ಲಿ ನಿಲ್ಲಿಸಿದ ನನ್ನ ಅನುಭವ

ಮುಧೋಳ ನಾಯಿ ಹೊರಗಿನವರ ಕೈಗೆ ಮೈ ಕೊಡುವುದಿಲ್ಲ. ಸಾಕಿದವರಿಗೆಲ್ಲ ಇದು ಗೊತ್ತಿರುವ ಮಾತು. ನನ್ನ ಮುಧೋಳ ಕೆಂಚನನ್ನು, ಜಡ್ಜ್ ಮೈ ಮುಟ್ಟಿ ನೋಡುವ ನಾಯಿ ಶೋಗೆ ಹಾಕುತ್ತೇನೆ ಅಂದಾಗ ಮರಿ ಕೊಟ್ಟ ಯಜಮಾನರೇ ಬೇಡ ಅಂದಿದ್ದರು. "ಸರ, ಇದು ಓಡಾಕ ಹುಟ್ಟಿದ ನಾಯಿ. ಕಂಡಕಂಡವ್ರು ಮುಟ್ಟಿದ್ರ ನಿಲ್ಲೂದಿಲ್ಲ ನೋಡ್ರಿ. ಶೋ ಬೇಕಂದ್ರ ಡೇನ್ ತಗೋರಿ, ಡಾಬರ್‌ಮನ್ ತಗೋರಿ." ದಾವಣಗೆರೆಯ ನಮ್ಮ ಗೆಳೆಯರ ಗುಂಪಿನಲ್ಲೂ ಎಲ್ಲರದ್ದೂ ಅದೇ ಮಾತು. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿಗೆ ಹಾಕಿದ್ದರು. ಅಲ್ಲಿ ಕಲಿಯುವ ನಾಯಿ ನನ್ನ ಹತ್ತಿರ ಒಂದು ನಿಮಿಷ ಸುಮ್ನೆ ನಿಲ್ಲೋಕೆ ಕಲಿಯಲ್ವಾ ಅಂತ ನನಗೆ ಹಟ ಬಂತು. ಹೋದ ಚಳಿಗಾಲದಲ್ಲಿ ಕೆಂಚ ನಿಂತ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ.

ನನ್ನ ಮೊದಲ ಮುಧೋಳ ಕೆಂಚ ಅಲ್ಲ, ಗೌರಿ. ಏಳು ಸಾವಿರಕ್ಕೆ ಸಿಕ್ಕಿತು ಅಂತ ಖುಷಿಯಿಂದ ತಂದೆ. ಕಾಗದ ಆಮೇಲೆ ಕಳಿಸ್ತೀವಿ ಅಂದರು, ಇವತ್ತಿನವರೆಗೂ ಬಂದಿಲ್ಲ. ಗೌರಿ ಮನೆಯಲ್ಲೇ ಉಳಿದಳು, ಅವಳಂಥ ಕಾವಲು ನಾಯಿ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. ಆದರೆ ಶೋ ಆಸೆಗೆ ಇನ್ನೊಂದು ಮರಿ ತರಲೇಬೇಕಾಯಿತು. ಈ ಸಲ ಮೊದಲು ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರಕ್ಕೆ ಹೋಗಿ ಬೆಳೆದ ನಾಯಿಗಳನ್ನು ಕಣ್ಣು ತುಂಬ ನೋಡಿದೆ. ತಲೆ ಎಷ್ಟು ಉದ್ದ ಇರಬೇಕು, ಎದೆ ಎಷ್ಟು ಇಳಿದಿರಬೇಕು ಅನ್ನೋದು ಒಂದೇ ಕಡೆ ಹತ್ತಾರು ನಾಯಿ ನೋಡಿದಾಗ ಮಾತ್ರ ಕಣ್ಣಿಗೆ ಕೂರುತ್ತದೆ. ಆಮೇಲೆ ಕಾಗದ ಇರುವ ಮರಿಯನ್ನೇ ತಂದೆ. ಸುಮಾರು ಹದಿನಾಲ್ಕು ಸಾವಿರ. ಮೈಕ್ರೊಚಿಪ್, ರಿಜಿಸ್ಟ್ರೇಷನ್, ಓಡಾಟ ಸೇರಿ ಇನ್ನೊಂದು ಮೂರೂವರೆ ಸಾವಿರ. ಹೊಸಬರು ಒಂದು ವಿಷಯ ನೆನಪಿಡಿ: ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ನಮ್ಮ ನಾಯಿಯ ಹೆಸರು ಕ್ಯಾರವಾನ್ ಹೌಂಡ್. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್‌ನವರು ಮುಧೋಳ ಹೌಂಡ್ ಅಂತಲೇ ಬರೆಯುತ್ತಾರೆ. ಯಾವ ಶೋಗೆ ಹೋಗಬೇಕು ಅನ್ನೋದನ್ನು ಮರಿ ತರುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ನಾನು ಅದನ್ನು ತಿಳಿದುಕೊಳ್ಳುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಕೆಂಚನ ಮೊದಲ ಶೋ ಹದಿಮೂರನೇ ತಿಂಗಳಲ್ಲಿ. ಮನೆಯಲ್ಲಿ ಕಲ್ಲಿನ ಗೊಂಬೆ ಹಾಗೆ ನಿಲ್ಲುತ್ತಿದ್ದ. ರಿಂಗ್‌ನಲ್ಲಿ ಜಡ್ಜ್ ಎರಡು ಹೆಜ್ಜೆ ಹತ್ತಿರ ಬಂದರು, ಕೈ ಚಾಚಿದರು. ಬಾಲ ಕಾಲ ಸಂದಿಗೆ ಹೋಯಿತು, ಬೆನ್ನು ಬಿಲ್ಲಿನಂತೆ ಬಾಗಿತು. ಮರುಕ್ಷಣ ಹಿಂದಕ್ಕೆ ಜಿಗಿದ. ಈ ನಾಯಿಗಳ ತಲೆ ಕುತ್ತಿಗೆಗಿಂತ ಸಣ್ಣದು ಅಲ್ವಾ, ಕುತ್ತಿಗೆ ಪಟ್ಟಿ ಕಿವಿ ದಾಟಿ ಕಳಚಿ ನನ್ನ ಕೈಯಲ್ಲೇ ಉಳಿಯಿತು. ಕೆಂಚ ಮೈದಾನ ದಾಟಿ ರಸ್ತೆಗೆ ಹೋದ. ಎರಡು ಗಂಟೆ ಹುಡುಕಿದ ಮೇಲೆ ಒಂದು ಗೋಡೌನ್ ಹಿಂದೆ ಸಿಕ್ಕ, ನಾಲಿಗೆ ಹೊರಗೆ, ಪಾದ ರಕ್ತ. ಅವನು ಲಾರಿಗೆ ಸಿಕ್ಕಿದ್ದರೆ ಅನ್ನೋ ಯೋಚನೆಗೆ ಆಮೇಲೆ ಎಷ್ಟೋ ರಾತ್ರಿ ಎಚ್ಚರವಾಗಿದ್ದೇನೆ. ಅವತ್ತಿನಿಂದ ಎಳೆದರೆ ಬಿಗಿಯುವ ಅಗಲ ಪಟ್ಟಿ ಇಲ್ಲದೆ ಇವನನ್ನು ಮನೆ ಬಾಗಿಲು ದಾಟಿಸಿಲ್ಲ.

ಎರಡನೇ ಶೋಗೆ, ರಿಂಗ್‌ನಲ್ಲಿ ನಾಯಿ ಹಿಡಿದು ನಿಲ್ಲಿಸುವ ಹ್ಯಾಂಡ್ಲರ್ ಇಟ್ಟೆ. ಐದು ಸಾವಿರ ಅವರಿಗೆ, ವ್ಯಾನ್ ಬಾಡಿಗೆ ಎಂಟೋ ಒಂಬತ್ತೋ, ಎಂಟ್ರಿ ಬೇರೆ. ಅವರು ಕತ್ತಿನ ಕೆಳಗೆ ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು. ಜಡ್ಜ್ ತುಟಿ ಎತ್ತಲು ಹೋದಾಗ ಕೆಂಚ ಗುರ್ರ್ ಅಂದ. ರಿಂಗ್‌ನಿಂದ ಹೊರಗೆ ಕಳಿಸಿದರು. ಹ್ಯಾಂಡ್ಲರ್ ಕೆಲಸ ಬಲ್ಲವರೇ. ತಪ್ಪು ಹಿಡಿತದಲ್ಲಿತ್ತು. ಓಡಿ ತಪ್ಪಿಸಿಕೊಳ್ಳುವ ನಾಯಿಗೆ ಓಡುವ ದಾರಿ ಮುಚ್ಚಿದರೆ ಅದಕ್ಕೆ ಉಳಿಯುವುದು ಹಲ್ಲು ಮಾತ್ರ.

ಅದರ ಬೆನ್ನಿಗೇ ಉಣ್ಣೆ ಹುಳ ಕಚ್ಚಿ ಬರುವ ಜ್ವರ (ಟಿಕ್ ಫೀವರ್). ಜ್ವರ 105ಕ್ಕೆ ಹೋಯಿತು, ಒಸಡು ಬಿಳಿಚಿತು. ಮೊದಲು ತೋರಿಸಿದ ಕಡೆ ಬರೀ ಜ್ವರದ ಇಂಜೆಕ್ಷನ್ ಕೊಟ್ಟು ಕಳಿಸಿದರು, ಎರಡು ದಿನ ಹಾಳಾಯಿತು. ಮೂರನೇ ದಿನ ಮೂಗಿನಲ್ಲಿ ರಕ್ತ. ಬೇರೆ ಕಡೆ ಓಡಿದೆ, ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ನೆಲ ಕಚ್ಚಿತ್ತು. ಡಾಕ್ಸಿಸೈಕ್ಲಿನ್ 28 ದಿನ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಮಾಡುತ್ತಿದ್ದ, ಊಟದ ನಡುವೆ ಕೊಟ್ಟರೆ ಇಳಿಯುತ್ತಿತ್ತು. ಹತ್ತನೇ ದಿನಕ್ಕೆ ಚೆನ್ನಾಗಿ ಓಡಾಡುತ್ತಾನೆ ಅಂತ ಮಾತ್ರೆ ನಿಲ್ಲಿಸಬೇಡಿ, ಅದು ತಿರುಗಿ ಬರುತ್ತದೆ. ಒಟ್ಟು ಹದಿನಾರು ಸಾವಿರ ಹೋಯಿತು. ಈಗ ಪ್ರತಿ ರಾತ್ರಿ ಕಾಲ್ಬೆರಳ ಸಂದಿ, ಕಿವಿಯ ಮಡಿಕೆ, ಬಾಲದ ಬುಡ ಟಾರ್ಚ್ ಹಾಕಿ ನೋಡುತ್ತೇನೆ. ಇದೂ ಒಂಥರ ಮುಟ್ಟಿಸಿಕೊಳ್ಳುವ ಅಭ್ಯಾಸವೇ ಆಯಿತು.

ಕೆಂಚ ಮಲಗಿದ್ದ ಆ ತಿಂಗಳಲ್ಲೇ ನನಗೆ ದಾರಿ ಹೊಳೆದದ್ದು.

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ತಗೊಂಡು ದಿನಕ್ಕೆ ಹತ್ತು ಹನ್ನೆರಡು ರೈತರು ಬರುತ್ತಾರೆ. ನಾಯಿ ಒಬ್ಬನೇ ಇರುತ್ತದೆ ಅಂತ ಕೆಂಚನನ್ನು ಅಂಗಡಿಗೆ ಕರೆದೊಯ್ದು ಬೆಂಚಿನ ಪಕ್ಕ ಮಲಗಿಸುತ್ತಿದ್ದೆ. ನಿಶ್ಶಕ್ತಿಯಲ್ಲಿ ಎದ್ದು ಹೋಗಲಾರದೆ ಅವನು ಬರುವವರನ್ನೆಲ್ಲ ನೋಡುತ್ತಾ ಮಲಗಿರುತ್ತಿದ್ದ. ಹತ್ತು ದಿನಕ್ಕೆ, ಹೊಸಬರು ಬಾಗಿಲಲ್ಲಿ ನಿಂತರೆ ತಲೆ ಎತ್ತುವುದನ್ನೇ ಬಿಟ್ಟ. ಇಷ್ಟು ಬೇಗ ಇಷ್ಟು ಆಗುವುದಾದರೆ, ವರ್ಷವಿಡೀ ಮಾಡಿದರೆ ಏನಾಗಬಹುದು ಅನ್ನಿಸಿತು. ರಸ್ತೆಯಲ್ಲಿ ಹೋಗುವವರನ್ನು ಕರೆದು ನಾಯಿ ಮುಟ್ಟಿ ಅಂದರೆ ಯಾರು ಬರುತ್ತಾರೆ? ನನ್ನಲ್ಲಿಗೆ ಅವರೇ ಬರುತ್ತಿದ್ದರು.

ಮೊದಲ ಮೂರು ವಾರ ಯಾರಿಗೂ ಮುಟ್ಟಲು ಬಿಡಲಿಲ್ಲ. ಎರಡು ಮಾರು ದೂರದಲ್ಲಿ ನಿಂತು ನನ್ನ ಜೊತೆ ಮಾತಾಡಿ, ನಾಯಿಯ ಕಣ್ಣು ನೋಡಬೇಡಿ ಅನ್ನುತ್ತಿದ್ದೆ. ಆಮೇಲೆ ಅಂಗೈ ಅಲ್ಲ, ಮುಂಗೈಯ ಹಿಂಭಾಗ, ಭುಜದ ಹಿಂದಿನ ಪಕ್ಕೆಗೆ, ಒಂದೇ ಒಂದು ಕ್ಷಣ. ಕೈ ತೆಗೆದ ಕೂಡಲೇ ನಾನು ಬೇಯಿಸಿದ ಕೋಳಿ ಲಿವರ್‌ನ ಚೂರು ಕೊಡುತ್ತಿದ್ದೆ. ಇಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮೊದಲು ಮಾಡಿದ್ದೆ. ಬಂದವರ ಕೈಯಲ್ಲೇ ಬಿಸ್ಕೆಟ್ ಕೊಡಿಸುತ್ತಿದ್ದೆ. ನಾಯಿ ಆಸೆಗೆ ಕತ್ತು ಚಾಚುತ್ತದೆ, ಕಾಲು ಮಾತ್ರ ಹಿಂದೆಯೇ ಇರುತ್ತದೆ. ಬಿಸ್ಕೆಟ್ ಬಾಯಿಗೆ ಬಿತ್ತೋ, ತಾನು ಎಷ್ಟು ಹತ್ತಿರ ಬಂದಿದ್ದೇನೆ ಅಂತ ಗೊತ್ತಾಗಿ ಇನ್ನೂ ಜಾಸ್ತಿ ಬೆದರುತ್ತದೆ. ಮುಟ್ಟುವುದು ಹೊರಗಿನವರು, ತಿನಿಸು ಕೊಡುವುದು ನಾನು. ಮೊದಲು ಕೈ, ಆಮೇಲೆ ಲಿವರ್. ಈ ಸಾಲು ಯಾವತ್ತೂ ತಿರುಗಬಾರದು.

ಪಕ್ಕೆಯಿಂದ ಬೆನ್ನು, ಬೆನ್ನಿಂದ ಸೊಂಟ, ತೊಡೆ. ಎದೆ ಆಮೇಲೆ. ತಲೆ, ಹಲ್ಲು, ವೃಷಣ ಎಲ್ಲಕ್ಕಿಂತ ಕೊನೆಗೆ. ಎರಡೂ ವೃಷಣ ಇಳಿದಿವೆಯಾ ಅಂತ ಜಡ್ಜ್ ನೋಡೇ ನೋಡುತ್ತಾರೆ, ಅದಕ್ಕೆ ನಾಯಿಯನ್ನು ತಯಾರು ಮಾಡದೆ ಹೋಗುವವರು ಎಷ್ಟು ಜನ! ಕೆಂಚ ಅರ್ಧ ಹೆಜ್ಜೆ ಹಿಂದೆ ಸರಿದರೂ ಅವತ್ತಿಗೆ ಮುಗಿಯಿತು. ಮರುದಿನ ಒಂದು ಮೆಟ್ಟಿಲು ಕೆಳಗಿನಿಂದ ಶುರು. ಹಗ್ಗ ಯಾವಾಗಲೂ ಸಡಿಲ. ಹೋಗಬೇಕು ಅನ್ನಿಸಿದರೆ ಹೋಗಬಹುದು ಅಂತ ಅವನಿಗೆ ಗೊತ್ತಿರಬೇಕು.

ಪ್ರತಿ ಕೈಗೂ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಗೀಟು ಹಾಕುತ್ತಿದ್ದೆ. ಹನ್ನೊಂದು ತಿಂಗಳಲ್ಲಿ ಹೆಚ್ಚುಕಡಿಮೆ ನಾನೂರು ಗೀಟು. ಪಂಚೆ ಉಟ್ಟವರು, ಬುರ್ಖಾ ಹಾಕಿದವರು, ಕೊಡೆ ಹಿಡಿದವರು, ಬೀಡಿ ವಾಸನೆಯವರು. ಐದನೇ ತಿಂಗಳಲ್ಲಿ ಒಬ್ಬ ಹುಡುಗ ಹೆಲ್ಮೆಟ್ ತೆಗೆಯದೆ ಸೀದಾ ಬಂದು ತಲೆ ಸವರಿಬಿಟ್ಟ. ಮೂರು ವಾರದ ಕೆಲಸ ನೀರಲ್ಲಿ ಹೋಯಿತು, ಮತ್ತೆ ಎರಡು ಮಾರು ದೂರದಿಂದ ಶುರು ಮಾಡಿದೆ. ಆಮೇಲೆ ಹೆಲ್ಮೆಟ್ಟನ್ನೂ ಅಭ್ಯಾಸಕ್ಕೆ ಸೇರಿಸಿದೆ, ಟೋಪಿ, ಕಪ್ಪು ಕನ್ನಡಕ, ಹಳೇ ಕೋಟು, ಅದಕ್ಕೆ ಹೊಡೆದ ಸೆಂಟು ಕೂಡ. ಹಲ್ಲು ತೋರಿಸುವುದಕ್ಕೆ ಮುಂಚೆ ನನ್ನ ಬೆರಳಿಗೆ ಒಂದು ವಸ್ತು ಹಚ್ಚಿಕೊಳ್ಳುತ್ತಿದ್ದೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಹಿಡಿಯಲು ನನಗೆ ನಾಲ್ಕು ತಿಂಗಳು ಹಿಡಿದಿದೆ.

ಮೈ ತೂಕದ ವಿಷಯದಲ್ಲೂ ಪೆಟ್ಟು ತಿಂದಿದ್ದೇನೆ. ಜ್ವರದಲ್ಲಿ ಇಪ್ಪತ್ತು ಕೆಜಿಗೆ ಇಳಿದಿದ್ದ. "ಯಾಕಣ್ಣ, ನಾಯಿಗೆ ಊಟ ಹಾಕಲ್ವಾ?" ಅಂತ ಬಂದವರೆಲ್ಲ ಕೇಳುವವರೇ. ಆ ಮಾತು ತಡೆಯಲಾರದೆ ಅನ್ನ, ಹಾಲು, ಮೊಟ್ಟೆ ಸುರಿದೆ. ಮೂವತ್ತೊಂದು ಕೆಜಿ ಆಯಿತು, ಪಕ್ಕೆ ಮುಚ್ಚಿತು, ಹೊಟ್ಟೆಯ ಏರು ಮಾಯ. ಓಡಿದರೆ ದಪದಪ ಸದ್ದು. ಮುಧೋಳಕ್ಕೆ ಹಿಂದಿನ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆಯ ತುದಿ ಕಾಣಬೇಕು. ಅನ್ನ ಬಿಟ್ಟು ಜೋಳದ ನುಚ್ಚು, ಮಜ್ಜಿಗೆ, ದಿನಕ್ಕೆ ಅರ್ಧ ಕೆಜಿ ಹತ್ತಿರ ಕೋಳಿಗೆ ಬಂದೆ. ಮುಧೋಳದ ಕಡೆ ತಲೆತಲಾಂತರದಿಂದ ಜೋಳ ಹಾಕಿಯೇ ಬೆಳೆಸಿದ್ದಾರೆ. ತಿಂಗಳಿಗೆ ನಾಲ್ಕು ಸಾವಿರದ ಒಳಗೆ ಮುಗಿಯುತ್ತದೆ. ಎದೆ ಆಳ ಇರುವ ನಾಯಿ, ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಹಾಗಾಗಿ ಎರಡು ಹೊತ್ತಿಗೆ ಹಂಚಿ ಹಾಕುತ್ತೇನೆ, ಉಂಡ ಮೇಲೆ ಎರಡು ಗಂಟೆ ಓಟ ಇಲ್ಲ. ಇಪ್ಪತ್ತಾರು ಕೆಜಿಗೆ ಬಂದು ನಿಂತ. ಎತ್ತರ 71 ಸೆಂ.ಮೀ., ಗಂಡಿಗೆ 68ರಿಂದ 72 ಅನ್ನುವ ಅಳತೆಯಲ್ಲಿ ಸರಿಯಾಗಿ ಕೂರುತ್ತಾನೆ.

ಓಟಕ್ಕೆ ಒಂದು ಪ್ರಯೋಗ ಮಾಡಿದೆ. ಮೊಲ ಬೇಟೆ ಕಾನೂನಿಗೆ ವಿರುದ್ಧ, ಅದರ ಮಾತೇ ಬೇಡ. ಗುಜರಿಗೆ ಹೋಗಬೇಕಿದ್ದ ಒಂದು ಹೆಚ್‌ಪಿ ಮೋಟರಿಗೆ ಸೈಕಲ್ ರಿಮ್ ಕಟ್ಟಿ, ನೂರೈವತ್ತು ಮೀಟರ್ ನೈಲಾನ್ ದಾರ ಸುತ್ತಿ, ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಕಟಾವಾದ ಮೆಕ್ಕೆಜೋಳದ ಹೊಲದಲ್ಲಿ ಸ್ವಿಚ್ ಒತ್ತಿದರೆ ಚೀಲ ಮೊಲದ ಹಾಗೆ ಹಾರುತ್ತಿತ್ತು. ಕೆಂಚ ಕಿವಿ ಹಿಂದಕ್ಕೆ ಅಂಟಿಸಿಕೊಂಡು, ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮಡಚಿ ಬಿಚ್ಚಿ ಹಾರುವುದನ್ನು ನೋಡಲು ಅಕ್ಕಪಕ್ಕದ ಹೊಲದವರೆಲ್ಲ ಬದುವಿನ ಮೇಲೆ ನಿಲ್ಲುತ್ತಿದ್ದರು. ತೊಡೆ ಕಲ್ಲಾಯಿತು. ಆದರೆ ರಿಂಗ್‌ನಲ್ಲೂ ಅದೇ ನಾಗಾಲೋಟ ಹಿಡಿಯಲು ಶುರು ಮಾಡಿದ. ಅಲ್ಲಿ ಬೇಕಾದ್ದು ಹಗುರವಾದ ಟ್ರಾಟ್, ಅಂದರೆ ಚುರುಕು ನಡೆಯಂಥ ನಿಧಾನ ಓಟ. ಅದಕ್ಕೆ ಬೆಳಗ್ಗೆ ಆರರ ಒಳಗೆ ಮಣ್ಣು ರಸ್ತೆಯಲ್ಲಿ ಸೈಕಲ್ ಪಕ್ಕ ಮೂರು ಕಿಲೋಮೀಟರ್ ಹಾಕಿದೆ, ಉಗುರೂ ತಾನಾಗಿ ಸವೆಯಿತು. ಒಮ್ಮೆ ಮಾತ್ರ ತಂತಿಬೇಲಿಗೆ ತೊಡೆ ಸಿಕ್ಕಿ ಚರ್ಮ ಅಂಗೈ ಅಗಲ ಹರಿಯಿತು. ಇವುಗಳ ಚರ್ಮ ಕಾಗದದ ಹಾಗೆ. ಹೊಲಿಗೆಗೆ ಒಯ್ದಾಗ ಮೊದಲ ಮಾತೇ, "ಡಾಕ್ಟ್ರೇ, ಇದು ಬೇಟೆ ನಾಯಿ ಜಾತಿ, ಮೈಯಲ್ಲಿ ಕೊಬ್ಬಿಲ್ಲ, ಅರಿವಳಿಕೆ ನೋಡಿಕೊಂಡು ಕೊಡಿ." ಕೆಲವು ಅರಿವಳಿಕೆ ಔಷಧಿಯಿಂದ ಈ ಜಾತಿಯ ನಾಯಿಗಳು ಏಳಲು ತುಂಬ ಹೊತ್ತು ಹಿಡಿಯುತ್ತದೆ.

ಮೂರನೇ ಶೋ. ರಾತ್ರಿ ಪ್ರಯಾಣ, ಸಂಜೆ ಆರರ ನಂತರ ಊಟ ಇಲ್ಲ. ಮೈಗೆ ಶಾಂಪೂ ಹಾಕಲಿಲ್ಲ, ಒದ್ದೆ ಹತ್ತಿ ಬಟ್ಟೆಯಲ್ಲಿ ಒರೆಸಿ ಒಣ ಕೈಯಲ್ಲಿ ಹತ್ತು ನಿಮಿಷ ತೀಡಿದೆ, ಕೂದಲು ರೇಷ್ಮೆಯ ಹಾಗೆ ಮಿಂಚಿತು. ನಮ್ಮ ತಳಿಯಲ್ಲಿ ಅವತ್ತು ಆರು ನಾಯಿ. ಕೆಂಚನ ಮುಂಗಾಲು ಭುಜದ ನೇರಕ್ಕೆ ಇಟ್ಟೆ, ಹಿಂಗಾಲಿನ ಹಿಮ್ಮಡಿಯ ಕೆಳಭಾಗ ನೆಟ್ಟಗೆ ಮಾಡಿ ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಜಡ್ಜ್ ದೂರದಿಂದ ಬರುವುದು ಅವನಿಗೆ ಕಾಣಬೇಕು. ಕಣ್ಣಿನಿಂದಲೇ ಬೇಟೆ ಹಿಡಿಯುವ ಇಂಥ ನಾಯಿಗೆ ಪಕ್ಕದಿಂದ ಬಂದ ಕೈ ಆಗಿಬರುವುದಿಲ್ಲ. ಅಗಲ ಟೋಪಿಯವರು, ವಯಸ್ಸಾದವರು. ಬಾಗಿದರು. ಕೆಂಚನ ಬಲಗಿವಿ ಒಮ್ಮೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಕೈ ತುಟಿಗೆ ಹೋಯಿತು, ಹಲ್ಲು ಕಂಡಿತು. ಎದೆ, ಬೆನ್ನು, ತೊಡೆಯ ಸಂದಿ. ಬಾಲ ಅಲ್ಲೇ ಇತ್ತು, ತುದಿ ಮಾತ್ರ ಸ್ವಲ್ಪ ನಡುಗಿತು. ಮುಗಿಸಿದ ಜಡ್ಜ್ ನನ್ನ ಕಡೆ ನೋಡಿ, ಈ ತಳಿಯಲ್ಲಿ ಹೀಗೆ ನಿಂತ ನಾಯಿಯನ್ನು ಕಂಡದ್ದು ಕಡಿಮೆ ಅಂದರು. ನನ್ನ ಕಣ್ಣು ತುಂಬಿ ಬಂತು. ತಳಿಯಲ್ಲೇ ಮೊದಲು ಅನ್ನುವ ಬೆಸ್ಟ್ ಆಫ್ ಬ್ರೀಡ್ ಕೆಂಚನಿಗೆ ಬಂತು, ಹಲವು ತಳಿ ಸೇರಿದ ಗ್ರೂಪ್‌ನಲ್ಲಿ ಮೂರನೇ ಜಾಗ. ಎರಡೂವರೆ ವರ್ಷದ ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಲಕ್ಷದ ಹತ್ತಿರ ಖರ್ಚಾಗಿದೆ. ಟ್ರೋಫಿಯನ್ನು ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಇಟ್ಟಿದ್ದೇನೆ, ಮುಟ್ಟಿದ ರೈತರೆಲ್ಲ ಬಂದು ನೋಡಲಿ ಅಂತ.

ಹೋದ ತಿಂಗಳು ಮರಿ ಕೊಟ್ಟ ಯಜಮಾನರು ಫೋನ್ ಮಾಡಿದ್ದರು. "ಸರ, ನಮ್ದೊಂದು ಹೆಣ್ಣೈತಿ, ವರ್ಷದ್ದು. ನಿಮ್ಮ ಅಂಗಡ್ಯಾಗ ಸ್ವಲ್ಪ ದಿನ ಇಟ್ಕೋತೀರೇನ್ರಿ?" ಅಂದರು. ಅದೀಗ ಬೆಂಚಿನ ಕೆಳಗಿದೆ, ಕೆಂಚನ ಬೆನ್ನಿಗೆ ಅಂಟಿಕೊಂಡು. ನಿನ್ನೆ ಹರಪನಹಳ್ಳಿ ಕಡೆಯ ಅಜ್ಜನೊಬ್ಬ ಮುಂಗೈ ತಾಗಿಸಿದಾಗ ಎರಡು ಕ್ಷಣ ಹಾಗೇ ಇತ್ತು. ಹೊಸ ಹಾಳೆಯಲ್ಲಿ ಹದಿನೇಳನೇ ಗೀಟು ಹಾಕಿದೆ.