ಬೇಲಿ ಇಲ್ಲದೆ ದಡ ಉಳಿಸಿಕೊಂಡೆವು: ನನ್ನ ಅನುಭವ

ಬೇಲಿ ಹಾಕದಿದ್ದರೆ ಜನ ಜೊಂಡನ್ನೆಲ್ಲ ತುಳಿದು ಹಾಕುತ್ತಾರೆ, ಹಾಕಿದರೆ ನೀರೇ ಕಾಣುವುದಿಲ್ಲ ಅಂತ ಜಗಳಕ್ಕೆ ಬರುತ್ತಾರೆ. ಊರೊಳಗಿನ ನದಿ ದಡದ ಕೆಲಸ ಹಿಡಿದಾಗ ನನಗೆ ಬಂದ ಬುದ್ಧಿಮಾತು ಇದು. ನೆಟ್ಟಗೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ಮೇಲೊಂದು ವಾಕಿಂಗ್ ಪಾತ್ ಮಾಡಿ ಮುಗಿಸಿ ಎಂದವರೇ ಜಾಸ್ತಿ. ನಾನು ಒಪ್ಪಲಿಲ್ಲ. ನೀರಿಗಿಳಿದ ಆಮೆ ಆ ಗೋಡೆ ಹತ್ತುವುದು ಹೇಗೆ?

ದಡದುದ್ದಕ್ಕೂ ದಾರಿ ಎಳೆಯುವುದನ್ನೇ ಬಿಟ್ಟೆ. ದಾರಿ ಮೂರು ಕಡೆ ಮಾತ್ರ ನೀರಿನ ಹತ್ತಿರ ಬರುತ್ತದೆ. ಉಳಿದ ಕಡೆ ಇಪ್ಪತ್ತು ಮೂವತ್ತು ಮೀಟರ್ ಹಿಂದೆ ಸರಿಯುತ್ತದೆ. ಆ ಮೂರು ಜಾಗಕ್ಕೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿದೆ: ಮರದ ಡೆಕ್, ನೆರಳು, ನೀರು ಮುಟ್ಟುವ ಹಾಗೆ ಅಗಲವಾದ ಮೆಟ್ಟಿಲು. ಕಾಲು ಚಾಚಿ ಕೂರಲು ಒಳ್ಳೆಯ ಜಾಗ ಸಿಕ್ಕರೆ ಯಾರೂ ಕೆಸರು ತುಳಿಯಲು ಹೋಗುವುದಿಲ್ಲ. ಉಳಿದ ಕಡೆ ದಾರಿಗೂ ಜೊಂಡಿಗೂ ನಡುವೆ ಪಾದ ಮುಳುಗುವಷ್ಟು ನೀರು ನಿಲ್ಲುವ ಅಗಲವಾದ ತಗ್ಗು. ಶೂ ಹಾಕಿದವರು ಅದನ್ನು ದಾಟುವುದಿಲ್ಲ. ನಮ್ಮ ಬೇಲಿ ಅದೇ.

ದಡದ ಇಳಿಜಾರು ಸುಮಾರು 1:6 ಇಟ್ಟೆ, ಅಂದರೆ ಆರು ಅಡಿ ಮುಂದೆ ಹೋದರೆ ಒಂದಡಿ ಇಳಿತ. ಇದರಲ್ಲಿ ಮಾತ್ರ ರಾಜಿ ಬೇಡ.

ಮೊದಲ ಮಳೆಗಾಲ ನಮ್ಮನ್ನು ಹಣ್ಣು ಮಾಡಿತು. ಮಣ್ಣು ಜಾರದಂತೆ ಗೂಟ ಹೊಡೆದು ದಡಕ್ಕೆ ಕಟ್ಟಿದ್ದ ನಾರಿನ ಉರುಳೆಗಳಲ್ಲಿ ಅರ್ಧಕ್ಕರ್ಧ ಕೊಚ್ಚಿಹೋದವು. ಗೂಟಗಳನ್ನು ಕಿತ್ತು ಅಳೆದರೆ, ನಾವು ಕೇಳಿದ್ದಕ್ಕಿಂತ ಒಂದಡಿ ಗಿಡ್ಡ. ಮತ್ತೆ ಕಟ್ಟಿಸಿ ಸಸಿ ನೆಡುವಷ್ಟರಲ್ಲಿ ಒಟ್ಟು ಹಣದ ಐದನೇ ಒಂದು ಭಾಗ ಕರಗಿತ್ತು. ಗೋಡೆ ಬೇಕೆಂದಿದ್ದವರು ಬಿಲ್ ಮುಂದಿಟ್ಟುಕೊಂಡು "ಗೋಡೆಯೇ ಕಟ್ಟಬಹುದಿತ್ತು ಅಲ್ವಾ?" ಎಂದು ಕೇಳಿದರು. ಆಮೇಲೆ ಬಾತುಕೋಳಿಗಳ ಸರದಿ. ಬೇರು ಹಿಡಿಯುವ ಮೊದಲೇ ಎಳೆ ಸಸಿಗಳನ್ನು ಕಿತ್ತು ತೇಲಿಬಿಟ್ಟವು. ಬಲೆ ಹಾಕಿದರೆ ಹಕ್ಕಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮೊಳಕಾಲೆತ್ತರದ ಕಡ್ಡಿ ನೆಟ್ಟು, ಅಡ್ಡಡ್ಡ ದಪ್ಪ ದಾರ ಎಳೆದೆವು. ಇಳಿಯಲು ಜಾಗ ಸಿಗದೆ ಅವು ಬೇರೆ ಕಡೆ ಹೋದವು. ಬೇರು ಗಟ್ಟಿಯಾದ ಮೇಲೆ ದಾರ ತೆಗೆದೆವು. ನೀರಿನಂಚಿಗೆ ಯಾವ ಗಿಡ, ಯಾವ ಅನುಕ್ರಮದಲ್ಲಿ ನೆಟ್ಟೆ ಎಂದು ಬಹಳ ಜನ ಕೇಳುತ್ತಾರೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ದೀಪದ ಹುಚ್ಚು ಹತ್ತಿತು: ಯಾವ ಬೆಳಕಿಗೆ ಹುಳಗಳು ಹೆಚ್ಚು ಬಂದು ಸಾಯುತ್ತವೆ ಎಂದು ನೋಡಬೇಕಿತ್ತು. ಒಂದು ಕಂಬಕ್ಕೆ ಬಿಳಿ ಎಲ್ಇಡಿ, ಇನ್ನೊಂದಕ್ಕೆ ಕಿತ್ತಳೆ ಬಣ್ಣದ್ದು. ಎರಡರ ಕೆಳಗೂ ಸೋಪು ನೀರಿನ ಅಗಲ ತಟ್ಟೆ. ಬೆಳಿಗ್ಗೆ ನೋಡಿದರೆ ಬಿಳಿ ದೀಪದ ತಟ್ಟೆ ಹುಳಗಳಿಂದ ಕಪ್ಪಾಗಿತ್ತು. ಇನ್ನೊಂದರಲ್ಲಿ ಹತ್ತು ಹದಿನೈದು ಇದ್ದಿರಬಹುದು. ಈಗ ಡೆಕ್‌ಗಳ ಹತ್ತಿರ ಮಾತ್ರ ಕಿತ್ತಳೆ ದೀಪ, ಅದೂ ಸೊಂಟದೆತ್ತರಕ್ಕೆ, ಬೆಳಕು ನೆಲಕ್ಕೆ ಬೀಳುವ ಹಾಗೆ. ಜೊಂಡಿನ ಕಡೆ ಕತ್ತಲೇ ಇರಲಿ ಎಂದು ಬಿಟ್ಟಿದ್ದೇನೆ.

ಲೆಕ್ಕ ಹೇಳುವುದಾದರೆ, ಮರುಕೆಲಸ ಸೇರಿದರೂ ಗೋಡೆಗೆ ಹಾಕಿದ್ದ ಅಂದಾಜಿನ ಮುಕ್ಕಾಲು ಭಾಗವೂ ಆಗಲಿಲ್ಲ. ಆದರೆ ನಿರ್ವಹಣೆಯ ದುಡ್ಡನ್ನು ಮೊದಲೇ ಬೇರೆ ಎತ್ತಿಡಿ. ಮೊದಲ ಎರಡು ಮೂರು ವರ್ಷ ಕಳೆ ಕೀಳಲು ಆಳು ಬೇಕೇ ಬೇಕು. ಈಗ ಜೊಂಡಿನೊಳಗೆ ನಾಮದ ಕೋಳಿ (ಹಣೆ ಮೇಲೆ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿ) ಗೂಡು ಕಟ್ಟುತ್ತದೆ, ಸಂಜೆ ಡೆಕ್ ಮೇಲೆ ಕೂರಲು ಜಾಗ ಸಿಗುವುದಿಲ್ಲ. ಬೇಡ ಎಂದಿದ್ದವರೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅವರಿಗೂ ಇದನ್ನೇ ಹೇಳಿದೆ: ಜೊಂಡನ್ನು ಒಂದೇ ಸಲ ಬೋಳಿಸಬೇಡಿ. ಮರಿಗಳು ಹೊರಟ ಮೇಲೆ, ವರ್ಷಕ್ಕೆ ಮೂರನೇ ಒಂದು ಭಾಗ ಮಾತ್ರ ಕೊಯ್ಯಿರಿ. ಕೊಯ್ದಿದ್ದನ್ನು ದಡದಲ್ಲಿ ಬಿಡದೆ ದೂರ ಸಾಗಿಸಿ. ಅಲ್ಲೇ ಕೊಳೆತರೆ ಅದರ ಸಾರವೆಲ್ಲ ಮತ್ತೆ ನೀರಿಗೇ ಇಳಿದು ಪಾಚಿ ಏಳುತ್ತದೆ.