ಜ್ವರ ಬಿಟ್ಟ ಮೇಲೆ: ಪ್ರಾಸ್ಟೇಟ್ ಸೋಂಕಿನ ಮುಂದಿನ ಆರೈಕೆ

ಮೂತ್ರರೋಗ ವಿಭಾಗದಲ್ಲಿ ನರ್ಸ್ ಆಗಿರುವ ನಾನು, ಬ್ಯಾಕ್ಟೀರಿಯಾ ಸೋಂಕಿನಿಂದ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಊದಿಕೊಂಡು ಬಂದವರನ್ನು ಮನೆಗೆ ಕಳಿಸುವಾಗ ಮೊದಲು ಹೇಳುವುದು ಒಂದೇ: ಜ್ವರ ಹೋದಷ್ಟು ಬೇಗ ರೋಗಾಣು ಹೋಗುವುದಿಲ್ಲ. ಔಷಧ ಶುರುವಾದ ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ಚಳಿಜ್ವರ ಇಳಿಯುತ್ತದೆ, ಉರಿ ಕಡಿಮೆಯಾಗುತ್ತದೆ. ಮಾತ್ರೆ ಸಾಕು ಅನ್ನಿಸುವುದೂ ಆಗಲೇ.

ದಯವಿಟ್ಟು ನಿಲ್ಲಿಸಬೇಡಿ. ಗ್ರಂಥಿ ಊದಿರುವಾಗ ಆ್ಯಂಟಿಬಯೋಟಿಕ್ ಒಳಗೆ ಸುಲಭವಾಗಿ ಇಳಿಯುತ್ತದೆ. ಊತ ತಗ್ಗಿದಂತೆ ಹಲವು ಔಷಧಗಳಿಗೆ ಆ ದಾರಿ ಕಿರಿದಾಗುತ್ತದೆ. ಅಳಿದುಳಿದ ರೋಗಾಣು ಅಲ್ಲೇ ಬೀಡುಬಿಟ್ಟು ತಿಂಗಳುಗಳ ನಂತರ ಮತ್ತೆ ತಲೆ ಎತ್ತಬಹುದು. ಅದಕ್ಕೇ ದಿಢೀರ್ ಬಂದ ಸೋಂಕಿಗೆ ಸಾಮಾನ್ಯವಾಗಿ 2ರಿಂದ 4 ವಾರ, ದೀರ್ಘಕಾಲದ್ದಕ್ಕೆ 4ರಿಂದ 6 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಔಷಧ ಬರೆಯುತ್ತಾರೆ.

ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಕಬ್ಬಿಣ, ಕ್ಯಾಲ್ಸಿಯಂ, ಆ್ಯಂಟಾಸಿಡ್‌ಗಳನ್ನು ಅದರ ಜೊತೆ ನುಂಗಬೇಡಿ. ಅವುಗಳಿಗಿಂತ ಕನಿಷ್ಠ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಈ ಮಾತ್ರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯತೊಡಗಿದರೆ ಮುಂದಿನ ಮಾತ್ರೆ ನುಂಗದೆ ವೈದ್ಯರಿಗೆ ಫೋನ್ ಮಾಡಿ. ಮೂತ್ರ ಸಲೀಸಾಗಲೆಂದು ಟ್ಯಾಮ್ಸುಲೋಸಿನ್ ಕೂಡ ಕೊಟ್ಟಿದ್ದರೆ ಹಾಸಿಗೆಯಿಂದ ಥಟ್ಟನೆ ಏಳಬೇಡಿ, ತಲೆ ಸುತ್ತುತ್ತದೆ.

ಮರುಭೇಟಿಗೆ ಬರುವವರನ್ನು ನಾನು ಕೇಳುವುದು ಇಷ್ಟು: ರಾತ್ರಿ ಎಷ್ಟು ಸಲ ಏಳುತ್ತೀರಿ, ಮೂತ್ರದ ಧಾರೆ ಹೇಗಿದೆ, ವೃಷಣಕ್ಕೂ ಗುದಕ್ಕೂ ನಡುವೆ ನೋವಿದೆಯೇ? ಬರೆದಿಟ್ಟುಕೊಂಡು ಬಂದರೆ ನಾಚಿಕೆಯಿಂದ ಬಾಯಿ ಕಟ್ಟುವುದಿಲ್ಲ.

ಎಲ್ಲ ಸರಿಯಿದ್ದರೂ ಕೋರ್ಸ್ ಮುಗಿದು ಸುಮಾರು ಒಂದು ವಾರವಾದ ಮೇಲೆ ಮೂತ್ರದ ಕಲ್ಚರ್ (ಮೂತ್ರದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) ರಕ್ತಪರೀಕ್ಷೆಗೆ ಮಾತ್ರ ಅವಸರ ಬೇಡ. ಸೋಂಕಿನಲ್ಲಿ ಅದರ ಮಟ್ಟ ಏರುತ್ತದೆ, ಇಳಿಯಲು ವಾರಗಳೇ ಬೇಕು. ಎಷ್ಟೋ ಜನ ಆ ಅಂಕಿ ನೋಡಿ ಕ್ಯಾನ್ಸರ್ ಎಂದು ಕಂಗಾಲಾಗುತ್ತಾರೆ. ಸಾಮಾನ್ಯವಾಗಿ 2-3 ತಿಂಗಳ ನಂತರ ಮತ್ತೆ ನೋಡುತ್ತಾರೆ.

ಮೂತ್ರ ಕಟ್ಟಿಕೊಂಡರೆ ಅಥವಾ ನಡುಗುವ ಜ್ವರ ಮರಳಿದರೆ ಆಗಲೇ ಆಸ್ಪತ್ರೆಗೆ ಬನ್ನಿ. ಎರಡು ಮೂರು ದಿನ ಔಷಧ ಕೊಟ್ಟರೂ ಜ್ವರ ಇಳಿಯದಿದ್ದರೆ ಗ್ರಂಥಿಯಲ್ಲಿ ಕೀವು ತುಂಬಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

ಸಂಗಾತಿಯ ಬಗ್ಗೆ ಕೇಳಲು ಹಲವರು ಹಿಂಜರಿಯುತ್ತಾರೆ. ಇ. ಕೋಲಿಯಂಥ ಸಾಮಾನ್ಯ ರೋಗಾಣುವಿನಿಂದ ಬಂದದ್ದು ಸಂಗಾತಿಗೆ ಅಂಟುವ ರೋಗವಲ್ಲ. ಲೈಂಗಿಕವಾಗಿ ಹರಡುವ ರೋಗಾಣು ಸಿಕ್ಕರೆ ಇಬ್ಬರಿಗೂ ಚಿಕಿತ್ಸೆ ಬೇಕು.

ದಿಢೀರ್ ಸೋಂಕು ಬಂದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ದೀರ್ಘಕಾಲದ ಸೋಂಕು ಮರುಕಳಿಸುವ ಸ್ವಭಾವದ್ದು. ಹಾಗೆ ಮರಳಿದರೆ ಮನೆಯಲ್ಲಿ ಉಳಿದ ಹಳೆಯ ಮಾತ್ರೆ ನುಂಗಬೇಡಿ. ಮೊದಲು ಮೂತ್ರದ ಮಾದರಿ ಕೊಡಿ, ಹಿಂದಿನ ಕಲ್ಚರ್ ವರದಿಯನ್ನೂ ಜೊತೆಗೆ ತನ್ನಿ. ಅದೇ ರೋಗಾಣುವೇ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಗೊತ್ತಾಗುವುದು.