ಆರ್ಟ್ ಪುಸ್ತಕಕ್ಕೆ ಸೀಲು ಹೊಡೆಯುವ ಮುಂಚೆ

ನಮ್ಮದು ಕಲಾ ಶಾಲೆಯ ಲೈಬ್ರರಿ. ಹೊಸ ಸಮಕಾಲೀನ ಕಲೆಯ ಪುಸ್ತಕಗಳ ಬಂಡಲ್ ಬಂದರೆ ನಾನು ಮೊದಲು ಸೀಲು, ಇಂಕ್‌ಪ್ಯಾಡ್ ಎರಡನ್ನೂ ಡ್ರಾಯರ್ ಒಳಗೆ ಹಾಕುತ್ತೇನೆ. ನುಣುಪಾದ ಆರ್ಟ್ ಪೇಪರ್ ಮೇಲೆ ಸೀಲಿನ ಇಂಕು ಬೇಗ ಒಣಗಲ್ಲ, ಪುಸ್ತಕ ಮುಚ್ಚಿದರೆ ಎದುರು ಪುಟದ ಚಿತ್ರಕ್ಕೂ ಅಂಟುತ್ತದೆ. ಅದಕ್ಕೇ ರಟ್ಟಿನ ಒಳಗಿನ ಒರಟು ಕಾಗದದ ಮೇಲೆ ಪೆನ್ಸಿಲಿನಲ್ಲಿ ಅಕ್ಸೆಷನ್ ನಂಬರ್, ಅಂದರೆ ಲೈಬ್ರರಿಗೆ ಸೇರಿದ ಪುಸ್ತಕದ ಕ್ರಮಸಂಖ್ಯೆ, ಬರೆಯುತ್ತೇನೆ. ಆಡಿಟ್‌ನವರಿಗೆ ಸೀಲು ಬೇಕೇ ಬೇಕಲ್ವಾ, ಅವರಿಗಾಗಿ ಬೇರೆ ಕಾಗದದ ಪಟ್ಟಿಗೆ ಸೀಲು ಹೊಡೆದು, ಒಣಗಿದ ಮೇಲೆ ಒಳಗೆ ಇಡುತ್ತೇನೆ.

ಕೆಲವಂತೂ ಪುಸ್ತಕದ ಹಾಗೇ ಇರಲ್ಲ. ಫೋಟೋ ಕಲಾವಿದೆ ದಯಾನಿತಾ ಸಿಂಗ್ ಅವರ 'ಮ್ಯೂಸಿಯಂ ಭವನ್' 2017ರದ್ದು. ಒಂದು ಡಬ್ಬಿ, ಒಳಗೆ ಉದ್ದ ಪಟ್ಟಿಯನ್ನು ಹಿಂದೆ ಮುಂದೆ ಮಡಚಿ ಮಾಡಿದ ಒಂಬತ್ತು ಪುಟ್ಟ ಪುಸ್ತಕ. ಬಿಡಿಸಿ ನಿಲ್ಲಿಸಿದರೆ ಮೇಜಿನ ಮೇಲೇ ಪ್ರದರ್ಶನ. ಇಂಥದ್ದಕ್ಕೆ ಬಾರ್‌ಕೋಡ್ ಒಂದೇ ಸಾಕು, ಆದರೆ ಒಳಗೆ ಎಷ್ಟಿವೆ ಅಂತ ಕೊಹಾದಲ್ಲಿ (ಲೈಬ್ರರಿ ಲೆಕ್ಕ ಇಡುವ ಸಾಫ್ಟ್‌ವೇರ್) ಬರೆದಿರಬೇಕು, ವಾಪಸ್ ಬಂದಾಗ ಎಣಿಸಬೇಕು. ಮನೆಗೆ ಮಾತ್ರ ಕೊಡಲ್ಲ.

ನಿಜವಾದ ತಲೆನೋವು ವರ್ಗೀಕರಣ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಶಿಲ್ಪಕ್ಕೆ 730, ವರ್ಣಚಿತ್ರಕ್ಕೆ 750, ಫೋಟೋಗೆ 770. ಸರಿ, ಶೀಲಾ ಗೌಡ ಅವರನ್ನು ಎಲ್ಲಿ ಇಡೋದು? ಚಿತ್ರ ಬರೆಯುತ್ತಾ ಶುರು ಮಾಡಿದವರು 90ರ ದಶಕದಲ್ಲಿ ಸಗಣಿಗೆ ಬಂದರು, ಆಮೇಲೆ ಸೂಜಿ, ದಾರ, ಕುಂಕುಮ, ತಲೆಗೂದಲು, ಟಾರ್ ಡ್ರಮ್ಮು. ಎನ್. ಪುಷ್ಪಮಾಲಾ ಶಿಲ್ಪಿಯಾಗಿದ್ದವರು, ಆಮೇಲೆ ಕ್ಯಾಮೆರಾ ಮುಂದೆ ತಾವೇ ವೇಷ ಹಾಕಿ ನಿಂತರು. ಮಾಧ್ಯಮ ನೋಡಿ ನಂಬರ್ ಕೊಟ್ಟರೆ ಒಬ್ಬರದೇ ಪುಸ್ತಕಗಳು ಮೂರು ರ‍್ಯಾಕಿಗೆ ಚೆದುರುತ್ತವೆ. ನಾನು ಹಟ ಹಿಡಿದು ಒಬ್ಬ ಕಲಾವಿದರ ಎಲ್ಲವನ್ನೂ 709.2ಕ್ಕೆ (ಕಲಾವಿದರ ಬಗೆಗಿನ ಪುಸ್ತಕಗಳ ನಂಬರ್) ಹಾಕಿ, ಹೆಸರಿನ ಮೊದಲ ಮೂರು ಅಕ್ಷರ ಸೇರಿಸಿಬಿಡುತ್ತೇನೆ. ನಿಯಮದ ಪ್ರಕಾರ ಸರಿಯಲ್ಲ ಅನ್ನುವವರಿದ್ದಾರೆ, ಇರಲಿ, ಹುಡುಗರು ಬಂದು ಕೇಳೋದು ಹೆಸರು ಹಿಡಿದೇ.

ಗ್ಯಾಲರಿಯವರ ಕ್ಯಾಟಲಾಗ್‌ಗಳಿಗೆ ಎಷ್ಟೋ ಸಲ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಇರಲ್ಲ. ಬೇರೆ ಲೈಬ್ರರಿಯಿಂದ ರೆಕಾರ್ಡ್ ಎಳೆದುಕೊಳ್ಳೋಕೆ ಆಗಲ್ಲ, ಕೂತು ಟೈಪ್ ಮಾಡಬೇಕು. ಆಗ ಕ್ಯುರೇಟರ್, ಊರು, ಪ್ರದರ್ಶನದ ತಾರೀಕು, ಒಳಗಿನ ಲೇಖನ ಬರೆದವರು, ಎಲ್ಲಾ ಹಾಕುತ್ತೇನೆ. ಕಲಾವಿದರ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕುತ್ತೇನೆ, ಯಾವುದನ್ನು ಹುಡುಕಿದರೂ ಸಿಗಲಿ ಅಂತ.

ಡಿವಿಡಿ, ಪೆನ್‌ಡ್ರೈವ್ ಬಂದರೆ ಅದನ್ನು ಪುಸ್ತಕದಿಂದ ಬಿಡಿಸಿ ಕೌಂಟರಿನಲ್ಲೇ ಇಡುತ್ತೇನೆ. ಈಗಿನ ಕಂಪ್ಯೂಟರಿನಲ್ಲಿ ಡಿವಿಡಿ ಡ್ರೈವೇ ಇರಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಒಂದು ಡ್ರೈವ್ ಇಟ್ಟುಕೊಂಡಿದ್ದೇನೆ. ಕಾಪಿ ಮಾಡುವ ಮುಂಚೆ ಕಲಾವಿದರಿಗೆ ಮೇಲ್ ಹಾಕಿ ಒಪ್ಪಿಗೆ ಪಡೆಯುತ್ತೇನೆ. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಲೈಬ್ರರಿಗಳಿಗೆ ಸಂರಕ್ಷಣೆಗಾಗಿ ಡಿಜಿಟಲ್ ಪ್ರತಿ ಇಡಲು ಅವಕಾಶ ಇದೆ, ಆದರೆ ಅದು ನಮ್ಮ ಹತ್ತಿರ ಡಿಜಿಟಲ್ ಅಲ್ಲದ ಪ್ರತಿ ಇದ್ದರೆ ಮಾತ್ರ. ಡಿವಿಡಿಯೇ ಡಿಜಿಟಲ್, ಹಾಗಾಗಿ ಕೇಳಿಬಿಡೋದೇ ವಾಸಿ. ಸಾಮಾನ್ಯವಾಗಿ ಖುಷಿಯಿಂದ ಒಪ್ಪುತ್ತಾರೆ.

ಬಂಡಲ್ ಜೊತೆ ಬರುವ ಆಮಂತ್ರಣ ಪತ್ರ, ಕರಪತ್ರಗಳನ್ನೂ ಬಿಸಾಡಲ್ಲ. ಕನ್ನಡದಲ್ಲಿ ಆ ಪ್ರದರ್ಶನದ ಬಗ್ಗೆ ಇರೋದು ಅದೊಂದೇ ಆಗಿರಬಹುದು. ಕಲಾವಿದರ ಹೆಸರಿನ ಫೈಲಿಗೆ ಹಾಕುತ್ತೇನೆ, ಫೈಲಿಗೂ ಕೊಹಾದಲ್ಲಿ ಒಂದು ಎಂಟ್ರಿ. ಆ ಫೈಲುಗಳಿಗೆ ಅಂತ ಒಂದು ಬೀರು ಕೇಳಿದ್ದೇನೆ, ಇನ್ನೂ ಮಂಜೂರಾಗಿಲ್ಲ.